ಬರಲಿರುವ ಮಾಡೆಲ್: ಸರ್ ಎಂ.ವಿ. ಅವರ ಕೈಗೆ ಸಿಗದ ಕಾರ್ಖಾನೆ

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದಮೇಲೆ ಏನು ಚರ್ಚೆ ನಡೆಯುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಪ್ಪು-ಬಿಳಿ ಸುರುಳಿಗಳ ಸ್ಟಿಕ್ಕರ್ ಮೈತುಂಬ ಸುತ್ತಿಕೊಂಡು ಟೆಸ್ಟಿಂಗ್‌ಗೆ ಹೊರಟ ಯಾವುದೋ ಹೊಸ ಎಸ್‌ಯುವಿಯ ಫೋಟೊ ಒಬ್ಬನ ಫೋನಿಗೆ ಬರುತ್ತೆ. ಹೆಡ್‌ಲ್ಯಾಂಪ್ ಹೀಗಿದೆ, ಹಿಂದಿನ ಸಸ್ಪೆನ್ಷನ್ ಹಾಗಿರಬೇಕು, ಡೀಸೆಲ್ ಬರುತ್ತೋ ಇಲ್ವೋ, ಬೆಲೆ ಎಷ್ಟಿರಬಹುದು ಅಂತ ಹನ್ನೆರಡು ಗಂಟೆವರೆಗೂ ಲೆಕ್ಕ. ನಾನೂ ಆ ಗುಂಪಿನವನೇ.

ನಮ್ಮೂರು ತಳಕಿನಲ್ಲೂ ಇದೇ ಚರ್ಚೆ ಇದೆ, ಆದರೆ ಅಲ್ಲಿ ಅದು ಹೊಟ್ಟೆಪಾಡಿನ ಮಾತು. ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೋಗುವ ಹೆದ್ದಾರಿ ನಮ್ಮೂರ ಮೇಲೇ ಹಾದುಹೋಗುತ್ತೆ. ಸಾಹಿತ್ಯ ಓದುವವರಿಗೆ ತಳಕು ಅಂದರೆ ವೆಂಕಣ್ಣಯ್ಯನವರ ಊರು, ತ.ರಾ.ಸು. ಅವರ ಮನೆತನದ ಊರು. ನಮಗೆ ಮಾತ್ರ ಅದು ಶೇಂಗಾ, ಈರುಳ್ಳಿ, ಕುರಿ ಮತ್ತು ಇವನ್ನೆಲ್ಲ ಹೊರುವ ಗಾಡಿಗಳ ಊರು. ನಮ್ಮ ಚಿಕ್ಕಪ್ಪನ ಹಳೇ ಪಿಕಪ್ ಕೈಕೊಡುತ್ತಾ ಬಂದಿತ್ತು. ಹೊಸ ಮಾಡೆಲ್ ಬರುತ್ತೆ, ಹೆಚ್ಚು ಲೋಡ್ ಎಳೆಯುತ್ತೆ ಅಂತ ಶೋರೂಮಿನವರು (ಯಾವ ಕಂಪನಿ ಅನ್ನೋದು ಬೇಡ ಬಿಡಿ) ಹೇಳಿದ್ದನ್ನು ನಂಬಿ ಎರಡು ದೀಪಾವಳಿ ಕಾದರು. ಮೊನ್ನೆ ರಜಕ್ಕೆ ಹೋದಾಗ ನನ್ನನ್ನು ಕೂರಿಸಿಕೊಂಡು ಕೇಳಿದರು: ನೀನು ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ಯಾವ ಗಾಡಿ ಬರಬೇಕು, ಯಾವಾಗ ಬರಬೇಕು ಅಂತ ತೀರ್ಮಾನ ಮಾಡೋರು ಯಾರಪ್ಪ?

ನನಗೆ ಉತ್ತರ ಬರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ತೊಂಬತ್ತು ವರ್ಷದ ಹಿಂದಿನ ಒಂದು ಬರಲಿರುವ ಮಾಡೆಲ್ಲಿನ ಕಥೆ. ಅದರ ಹಿಂದೆ ಬಿದ್ದಿದ್ದವರು ನಮಗೆಲ್ಲ ಗೊತ್ತಿರುವವರೇ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಪ್ರತಿ ಸೆಪ್ಟೆಂಬರ್ 15ಕ್ಕೆ ಕಾಲೇಜಿನಲ್ಲಿ ಅವರ ಫೋಟೊಗೆ ಹಾರ ಹಾಕಿ ಎರಡು ಮೇಣದಬತ್ತಿಯ ಕಥೆ ಹೇಳ್ತಾರೆ. ಆ ಕಥೆ ಇಲ್ಲಿ ಬೇಡ. ಅಣೆಕಟ್ಟಿನ ವಿಷಯವನ್ನೂ ಬೇಗ ಮುಗಿಸ್ತೀನಿ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಎಂಜಿನಿಯರಿಂಗ್. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಸಕ್ಕರ್‌ಗೆ ನೀರು, ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟು, ಏಡನ್‌ಗೆ ನೀರು ಮತ್ತು ಒಳಚರಂಡಿಯ ಯೋಜನೆ, ಮೂಸಿ ನದಿ ಪ್ರವಾಹದ ನಂತರ ಹೈದರಾಬಾದಿನ ರಕ್ಷಣೆಯ ಕೆಲಸ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರವನ್ನೂ ಅವರೇ ಕಟ್ಟಿದ್ದು ಅಂತ ನಮ್ಮ ಕಡೆ ಕೆಲವರು ವಾದ ಮಾಡ್ತಾರೆ. ಅಲ್ಲ. ಅವರು ಮೈಸೂರಿಗೆ ಬರುವ ಎರಡು ವರ್ಷ ಮೊದಲೇ ಅದು ಮುಗಿದಿತ್ತು.

ನನಗೆ ಮುಖ್ಯ ಅನ್ನಿಸಿದ್ದು ಸಿವಿಲ್ ಎಂಜಿನಿಯರ್ ಆಗಿದ್ದ ಈ ಮನುಷ್ಯ ನಿಧಾನವಾಗಿ ಕಾರ್ಖಾನೆಯ ಮನುಷ್ಯ ಆಗಿದ್ದು. 1898ರಲ್ಲೇ ಜಪಾನ್ ನೋಡಿ ಬಂದಿದ್ದರು. ಒಂದು ದೇಶ ಒಂದು ತಲೆಮಾರಿನಲ್ಲಿ ಹೇಗೆ ಯಂತ್ರಗಳ ದೇಶವಾಗಬಹುದು ಅನ್ನೋದು ಅಲ್ಲಿ ಕಣ್ಣಿಗೆ ಬಿದ್ದಿತ್ತು. ದಿವಾನರಾಗಿದ್ದಾಗ ಬ್ಯಾಂಕು, ವಿಶ್ವವಿದ್ಯಾಲಯ, ಸಾಬೂನು ಕಾರ್ಖಾನೆ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಲ್ಲಕ್ಕೂ ಚಾಲನೆ ಕೊಟ್ಟರು. 1918ರ ಕೊನೆಗೆ ದಿವಾನಗಿರಿ ಬಿಟ್ಟರು.

ಭದ್ರಾವತಿಯಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಕಾರಿನ ಕನಸಿಗೆ ತಯಾರಿ ನಡೆದದ್ದು ಅಲ್ಲಿ ಅಂತ ನನ್ನ ಅನಿಸಿಕೆ. ಕಲ್ಲಿದ್ದಲು ಇಲ್ಲದ ರಾಜ್ಯ ನಮ್ಮದು. ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿ, ಅದರಿಂದ ಕಬ್ಬಿಣ ತೆಗೆಯಬೇಕು. 1923ರಲ್ಲಿ ಉತ್ಪಾದನೆ ಶುರುವಾಗುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲಕ್ಕೆ ಬಿದ್ದಿತ್ತು. ಕಾರ್ಖಾನೆ ನಷ್ಟದಲ್ಲಿ, ಮುಚ್ಚಿಬಿಡಿ ಅನ್ನುವವರು ಸುತ್ತಲೂ. ಆಗ ನಿವೃತ್ತರಾಗಿದ್ದ ಇವರನ್ನೇ ಆಡಳಿತ ಮಂಡಳಿಗೆ ಅಧ್ಯಕ್ಷರನ್ನಾಗಿ ಕರೆತಂದರು. 1929ರವರೆಗೆ ಇದ್ದು ಖರ್ಚು ಕಡಿಮೆ ಮಾಡಿ, ಸ್ಥಳೀಯರಿಗೆ ತರಬೇತಿ ಕೊಡಿಸಿ ಅದನ್ನು ಕಾಲ ಮೇಲೆ ನಿಲ್ಲಿಸಿದರು. ಆ ಕೆಲಸದ ಸಂಭಾವನೆಯನ್ನು ಮನೆಗೆ ಒಯ್ಯಲಿಲ್ಲ. ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಕೊಡಿಸಿದರು. ಕೆ.ಆರ್. ಸರ್ಕಲ್ ಹತ್ತಿರದ ಎಸ್.ಜೆ. ಪಾಲಿಟೆಕ್ನಿಕ್‌ನ ಮೂಲ ಅದೇ.

ಕಬ್ಬಿಣ ಆಯ್ತು, ತರಬೇತಿ ಆಯ್ತು. ಆ ಕಬ್ಬಿಣವನ್ನು ಕೊಳ್ಳುವವರು ಯಾರು? ಒಂದು ಕಾರಿನೊಳಗೆ ಉಕ್ಕಿದೆ, ಗಾಜಿದೆ, ರಬ್ಬರಿದೆ, ಬಣ್ಣವಿದೆ, ಬ್ಯಾಟರಿ ಇದೆ, ಚರ್ಮ ಮತ್ತು ಬಟ್ಟೆ ಇದೆ. ಒಂದು ಕಾರು ಕಾರ್ಖಾನೆ ಬಂದರೆ ಸುತ್ತ ನೂರು ಸಣ್ಣ ವರ್ಕ್‌ಶಾಪ್‌ಗಳಿಗೆ ಕೆಲಸ. ಇವತ್ತು ನಮಗೆ ಇದು ಮೊದಲ ಸೆಮಿಸ್ಟರ್‌ನ ಪಾಠ. ಆಗ ಭಾರತದಲ್ಲಿ ಓಡುತ್ತಿದ್ದ ಕಾರು, ಲಾರಿಗಳೆಲ್ಲ ಒಂದೋ ಹಡಗಿನಲ್ಲಿ ಇಡಿಯಾಗಿ ಬಂದವು, ಇಲ್ಲ ಬಿಡಿಭಾಗಗಳಾಗಿ ಬಂದು ಮುಂಬಯಿಯಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್‌ನವರು ಜೋಡಿಸಿದವು. ಬೋಲ್ಟ್ ಬಿಗಿಯುವ ಕೆಲಸ ನಮ್ಮವರದ್ದು, ಬೋಲ್ಟ್ ಮಾಡುವ ಕೆಲಸ ಅವರದ್ದು.

1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. ಸುಮಾರು ಅದೇ ಹೊತ್ತಿಗೆ ಮುಂಬಯಿಯ ಉದ್ಯಮಿಗಳನ್ನು ಸೇರಿಸಿ ಕಾರು, ಲಾರಿ ಎರಡನ್ನೂ ತಯಾರಿಸುವ ಕಾರ್ಖಾನೆಯ ಮಾತು ಎತ್ತಿದರು. ಬರೀ ಮಾತಾಡಿ ಕೂರುವ ಜಾಯಮಾನ ಅವರದ್ದಲ್ಲ. 1935ರಲ್ಲಿ ಯುರೋಪು, ಅಮೆರಿಕಕ್ಕೆ ಹೊರಟರು. ವಯಸ್ಸು ಎಪ್ಪತ್ತನಾಲ್ಕು. ವಿಮಾನದಲ್ಲಿ ಒಂದು ರಾತ್ರಿಯ ಪ್ರಯಾಣವಲ್ಲ ಅದು, ವಾರಗಟ್ಟಲೆ ಹಡಗು. ಡೆಟ್ರಾಯಿಟ್‌ಗೆ ಹೋಗಿ ಅಲ್ಲಿನ ದೊಡ್ಡ ಕಾರ್ಖಾನೆಗಳನ್ನು ನೋಡಿದರು, ಹೆನ್ರಿ ಫೋರ್ಡ್ ಅವರನ್ನೂ ಭೇಟಿಯಾದರು. ಫೋಟೊದಲ್ಲಿ ಪೇಟ ಕಟ್ಟಿ ನಿಂತ ಆ ಅಜ್ಜ ಅಸೆಂಬ್ಲಿ ಲೈನ್ ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾ ನಡೆದು ಹೋಗುತ್ತಿದ್ದ ದೃಶ್ಯ ಊಹಿಸಿಕೊಂಡರೆ, ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋಗಿ ಕ್ಯಾಂಟೀನ್ ಹುಡುಕುವ ನಮಗೆ ಸ್ವಲ್ಪ ನಾಚಿಕೆ ಆಗಬೇಕು.

ವಾಪಸ್ ಬಂದು ವರದಿ ತಯಾರಿಸಿದರು. ಬಂಡವಾಳ, ಯಂತ್ರಗಳು, ವಿದೇಶಿ ಕಂಪನಿಯ ತಾಂತ್ರಿಕ ನೆರವು ಎಲ್ಲದರ ಲೆಕ್ಕವಿತ್ತು. ಆದರೆ ಲೆಕ್ಕದೊಳಗೆ ಒಂದು ಸಂಖ್ಯೆ ಅವರ ಕೈಯಲ್ಲಿರಲಿಲ್ಲ. ಅದು ಕೊಳ್ಳುವವರ ಸಂಖ್ಯೆ. ಆಗಿನ ಭಾರತದಲ್ಲಿ ಕಾರು ಕೊಳ್ಳುವಷ್ಟು ಹಣವಂತರು ಎಷ್ಟು ಜನ? ಕಾರ್ಖಾನೆ ನಿಲ್ಲಬೇಕಾದರೆ ಸೈನ್ಯ ಮತ್ತು ಸರ್ಕಾರಿ ಇಲಾಖೆಗಳು ಇಲ್ಲಿ ತಯಾರಾದ ಗಾಡಿಗಳನ್ನು ಕೊಳ್ಳಬೇಕು, ಆಮದು ಗಾಡಿಗಳ ಹೊಡೆತದಿಂದ ಕೆಲವು ವರ್ಷ ರಕ್ಷಣೆ ಬೇಕು. ಎರಡೂ ಬ್ರಿಟಿಷ್ ಸರ್ಕಾರದ ಕೈಯಲ್ಲಿ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಯೋಜನೆಗೆ ಬೆಂಬಲ ಸಿಕ್ಕಿತು. ದೆಹಲಿ ಒಪ್ಪಲಿಲ್ಲ. 1939ರಲ್ಲಿ ಯುದ್ಧ ಶುರುವಾಯಿತು, ಆ ಮಂತ್ರಿಮಂಡಲವೂ ರಾಜೀನಾಮೆ ಕೊಟ್ಟು ಹೋಯಿತು.

ಈ ಕೆಲಸದಲ್ಲಿ ಅವರ ಜೊತೆ ನಿಂತವರು ವಾಲ್‌ಚಂದ್ ಹೀರಾಚಂದ್. ಹಡಗು, ಸಕ್ಕರೆ, ಕಟ್ಟಡ ಎಲ್ಲದರಲ್ಲೂ ಕೈಯಾಡಿಸಿದ್ದ, ಸೋಲೊಪ್ಪದ ಉದ್ಯಮಿ. 1939ರಲ್ಲಿ ಅವರು ಅಮೆರಿಕಕ್ಕೆ ಹೋದರು. ಫೋರ್ಡ್ ಜೊತೆ ಮಾತು ಕೂಡಿಬರಲಿಲ್ಲ. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಫೋರ್ಡ್ ವ್ಯವಹಾರ ಕೆನಡಾದ ಫೋರ್ಡ್ ಕಂಪನಿಯ ಹಿಡಿತದಲ್ಲಿತ್ತು. ಕ್ರೈಸ್ಲರ್ ಜೊತೆ ಕೂಡಿಬಂತು. ಈಗ ಕಾರ್ಖಾನೆ ಎಲ್ಲಿ? ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಬೆಂಗಳೂರಿಗೆ ಬನ್ನಿ, ನಾವೂ ಕೈಜೋಡಿಸ್ತೀವಿ ಅಂತ ಮುಂದೆ ಬಂತು. ಕಾವೇರಿಯ ವಿದ್ಯುತ್ ಇತ್ತು, ಭದ್ರಾವತಿಯ ಲೋಹ ಇತ್ತು, ಕೆಲಸ ಬಲ್ಲ ಕೈಗಳಿದ್ದವು. ವಿಶ್ವೇಶ್ವರಯ್ಯನವರು ಮೂವತ್ತು ವರ್ಷದಿಂದ ಕಟ್ಟುತ್ತಾ ಬಂದಿದ್ದು ಇವನ್ನೇ ಅಲ್ವಾ? ಆದರೆ ಮೇಲಿನಿಂದ ತಡೆ ಬಂತು. ಕಾರು ತಯಾರಿಕೆ ಯುದ್ಧಕ್ಕೆ ಬೇಕಾದ ಕೆಲಸವಲ್ಲ ಅನ್ನುವುದು ಭಾರತ ಸರ್ಕಾರದ ನಿಲುವು. ಯಂತ್ರ ತರಿಸಲು ಡಾಲರ್ ಇಲ್ಲ, ಗಾಡಿ ಕೊಳ್ಳುವ ಭರವಸೆ ಇಲ್ಲ. ಯುದ್ಧದುದ್ದಕ್ಕೂ ಸೈನ್ಯಕ್ಕೆ ಲಾರಿಗಳು ಬೇಕಾಗಿದ್ದವು, ಅವು ಕೆನಡಾ, ಅಮೆರಿಕದಿಂದ ಸಮುದ್ರ ದಾಟಿ ಬಂದವು.

ಇಲ್ಲೊಂದು ತಿರುವು ಇದೆ. ಅದೇ ಪ್ರವಾಸದಲ್ಲಿ ವಿಮಾನದೊಳಗೆ ವಾಲ್‌ಚಂದ್‌ಗೆ ವಿಲಿಯಂ ಪಾಲಿ ಅನ್ನುವ ಅಮೆರಿಕನ್ ಸಿಕ್ಕಿದ್ದ. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಕಾರಿನ ಕನಸು ಹೊತ್ತು ಹೋದವರು ವಿಮಾನದ ಕಾರ್ಖಾನೆ ಹಿಡಿದು ಬಂದರು. ಇದು ಯುದ್ಧಕ್ಕೆ ಬೇಕಾಗಿದ್ದ ವಸ್ತು, ಅನುಮತಿ ಸಿಕ್ಕಿತು. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು, ಮರುವರ್ಷವೇ ಒಂದು ತರಬೇತಿ ವಿಮಾನ ಹಾರಿತು. ನಮ್ಮ ಸೀನಿಯರ್‌ಗಳು ಕೆಲಸಕ್ಕೆ ಅರ್ಜಿ ಹಾಕುವ ಎಚ್‌ಎಎಲ್ ಅದೇ. ಸ್ವಾತಂತ್ರ್ಯದ ನಂತರ ಕೆಲಕಾಲ ಅಲ್ಲಿ ಬಸ್ಸಿನ ಬಾಡಿ, ರೈಲು ಬೋಗಿಗಳನ್ನೂ ಕಟ್ಟಿದರು ಅಂತ ಓದಿದಾಗ ನನಗೆ ನಗು ಬಂತು. ಕಾರು ಬೇಡ ಅಂದ ಜಾಗದಲ್ಲಿ ಬಸ್ಸು!

ಕಾರಿನ ಕಾರ್ಖಾನೆ ಕೊನೆಗೆ ಮುಂಬಯಿಯಲ್ಲೇ ಆಯಿತು. 1944ರಲ್ಲಿ ವಾಲ್‌ಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕುರ್ಲಾದಿಂದ ಕ್ರೈಸ್ಲರ್ ಗುಂಪಿನ ಡಾಡ್ಜ್, ಡಿಸೋಟೊ, ಪ್ಲಿಮತ್ ಗಾಡಿಗಳು ಹೊರಬರಲು 1947 ಆಗಬೇಕಾಯಿತು. ಅಷ್ಟರಲ್ಲಿ ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ ಕೂಡ ಹುಟ್ಟಿತ್ತು. ನಮ್ಮೂರಿನ ಹಿರಿಯರು ಈಗಲೂ ಡಾಡ್ಜ್ ಲಾರಿ, ಫಾರ್ಗೋ ಲಾರಿ ಅಂತ ನೆನಪು ಮಾಡಿಕೊಳ್ತಾರಲ್ಲ, ಅವು ಈ ಪ್ರೀಮಿಯರ್ ಕಾರ್ಖಾನೆಯ ಮಕ್ಕಳು. ವಿಶ್ವೇಶ್ವರಯ್ಯನವರಿಗೆ ಆಗ ಎಂಬತ್ತಾರು.

ಹನ್ನೆರಡು ವರ್ಷ ತಡವಾಯಿತು, ಅಷ್ಟೇ ತಾನೆ ಅನ್ನಬಹುದು. ಅದಕ್ಕೆ ಜಪಾನಿನ ಕಡೆ ಒಮ್ಮೆ ನೋಡಬೇಕು. ಅಲ್ಲಿಯೂ ಫೋರ್ಡ್ 1925ರಿಂದ, ಜನರಲ್ ಮೋಟರ್ಸ್ 1927ರಿಂದ ಬಿಡಿಭಾಗ ತಂದು ಗಾಡಿ ಜೋಡಿಸುತ್ತಿದ್ದವು. ಥೇಟ್ ನಮ್ಮ ಹಾಗೇ. ವಿಶ್ವೇಶ್ವರಯ್ಯನವರು ಹಡಗು ಹತ್ತಿದ 1935ರಲ್ಲೇ, ಮಗ್ಗ ತಯಾರಿಸುವ ಮನೆತನದ ಕೀಚಿರೊ ಟೊಯೊಡಾ ಒಂದು ಕಾರಿನ ಮಾದರಿ ಮತ್ತು ಜಿ1 ಅನ್ನುವ ಲಾರಿ ತಯಾರಿಸಿದರು. ಎಂಜಿನ್ ಷೆವರ್ಲೆ ನೋಡಿ ಮಾಡಿದ್ದು. ಲಾರಿ ಅಲ್ಲಲ್ಲಿ ಕೆಟ್ಟು ನಿಲ್ಲುತ್ತಿತ್ತು, ಕಂಪನಿಯವರೇ ಓಡಿಹೋಗಿ ರಿಪೇರಿ ಮಾಡಬೇಕಿತ್ತು. ಆದರೆ 1936ರಲ್ಲಿ ಅಲ್ಲಿನ ಸರ್ಕಾರ ಸ್ವದೇಶಿ ತಯಾರಕರಿಗೆ ರಕ್ಷಣೆ ಕೊಡುವ ಕಾನೂನು ತಂದಿತು, ಸೈನ್ಯ ಆ ಕೆಟ್ಟು ನಿಲ್ಲುವ ಲಾರಿಗಳನ್ನೇ ಕೊಂಡಿತು. ಆ ಸರ್ಕಾರ ಯಾವ ಯುದ್ಧಕ್ಕೆ ಹೊರಟಿತ್ತು ಅನ್ನೋದು ಬೇರೆ ವಿಷಯ, ಹೊಗಳುವಂಥದ್ದಲ್ಲ. ನನ್ನ ಮಾತು ಲಾರಿಗೆ ಮಾತ್ರ. ಮೊದಲ ಮಾಡೆಲ್ ಚೆನ್ನಾಗಿರಬೇಕಿಲ್ಲ, ಅದು ಕೆಡುವಾಗ ಕಲಿಯೋಕೆ ಅವಕಾಶ ಸಿಗಬೇಕು. ನಮಗೆ ಕೆಡುವ ಲಾರಿ ಮಾಡುವ ಅವಕಾಶವೇ ಸಿಗಲಿಲ್ಲ.

ಅದೇ ಟೊಯೊಡಾ ಕುಟುಂಬದ ಕಂಪನಿ ಕಿರ್ಲೋಸ್ಕರ್ ಜೊತೆ ಸೇರಿ 1997ರಲ್ಲಿ ಬೆಂಗಳೂರು-ಮೈಸೂರು ರಸ್ತೆಯ ಬಿಡದಿಗೆ ಬಂತು. ಕ್ವಾಲಿಸ್, ಇನ್ನೋವಾ, ಫಾರ್ಚ್ಯೂನರ್ ನಿಮಗೆ ಗೊತ್ತು. ನಡುವೆ ಬೆಂಗಳೂರಿನ ಸಿಪಾನಿಯವರು ಫೈಬರ್ ಬಾಡಿಯ ಬಾದಲ್, ಡಾಲ್ಫಿನ್ ಅಂತ ಪುಟ್ಟ ಕಾರುಗಳನ್ನು ಮಾಡಿದ್ದರು. ಅವರ ಬಗ್ಗೆ ಇನ್ನೊಂದು ಸಂಚಿಕೆಯಲ್ಲಿ ಯಾರಾದರೂ ಬರೀಬೇಕು.

ವಿಶ್ವೇಶ್ವರಯ್ಯನವರು ಸೋತು ಕೂರಲಿಲ್ಲ. 1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಘಟನೆ ಕಟ್ಟಿ ಅಧ್ಯಕ್ಷರಾದರು. ತೊಂಬತ್ತನೇ ವಯಸ್ಸಿನಲ್ಲಿ, 1951ರಲ್ಲಿ, ತಮ್ಮ ಕೆಲಸದ ನೆನಪುಗಳ ಪುಸ್ತಕ ತಂದರು. ಕಾರು ಕಾರ್ಖಾನೆಯ ಪ್ರಯತ್ನವೂ ಅದರಲ್ಲಿದೆ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ನೂರು ವರ್ಷ ದಾಟಿತ್ತು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಕಳೆದ ವಾರ ಚಿಕ್ಕಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, ಆ ಯಜಮಾನರಿಗೇ ಹನ್ನೆರಡು ವರ್ಷ ಹಿಡೀತಂದ್ರೆ ನಂದೇನು ದೊಡ್ಡದು ಬಿಡಪ್ಪ ಅಂದು ನಕ್ಕರು. ಹಳೇ ಪಿಕಪ್‌ಗೆ ಚಳ್ಳಕೆರೆಯಲ್ಲಿ ಎಂಜಿನ್ ಬಿಚ್ಚಿಸಿ ಹೊಸ ಪಿಸ್ಟನ್ ರಿಂಗ್ ಹಾಕಿಸಿದ್ದಾರಂತೆ. ಈ ಸಲದ ಈರುಳ್ಳಿ ಅದರಲ್ಲೇ ಹೋಗುತ್ತೆ.