ಕುದುರೆಯ ಕಿವಿಯಲ್ಲಿ ಮಂತ್ರ ಹೇಳಿದರೆ ಅದು ಪಳಗುತ್ತದೆಯೇ? ಜಾನ್ ರೇರಿ ಮಾರಿದ ಗುಟ್ಟಿನ ಕಥೆ

ಈ ಥರದ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಹಠಮಾರಿ ಕುದುರೆಯೊಂದು ಗಾಡಿ ಹತ್ತಲು ಒಲ್ಲೆ ಎನ್ನುತ್ತದೆ. ನಾಲ್ಕು ಜನ ಎಳೆದರೂ ಜಗ್ಗುವುದಿಲ್ಲ. ಆಗ ಒಬ್ಬ ಬರುತ್ತಾನೆ, ಅದರ ತಲೆಗೆ ತೆಳುವಾದ ಹಗ್ಗ ತೊಡಿಸುತ್ತಾನೆ, ಕಿವಿಯ ಹತ್ತಿರ ಏನೋ ಹೇಳುತ್ತಾನೆ. ಎರಡೇ ನಿಮಿಷದಲ್ಲಿ ಕುದುರೆ ಅವನ ಹಿಂದೆ ನಡೆದು ಒಳಗೆ ಹೋಗುತ್ತದೆ. ಮಂತ್ರಶಕ್ತಿ, ಪ್ರಾಣಿಗಳ ಭಾಷೆ ಬಲ್ಲವನು ಎಂದೆಲ್ಲ ಕೆಳಗೆ ಬರೆದಿರುತ್ತಾರೆ.

ಈ ನಂಬಿಕೆ ಹೊಸದಲ್ಲ. ಸುಮಾರು 165 ವರ್ಷಗಳ ಹಿಂದೆ ಲಂಡನ್ನಿನ ಶ್ರೀಮಂತರೇ ಇದನ್ನು ನಂಬಿ ದುಡ್ಡು ಕಟ್ಟಿದ್ದರು. ಅವರಿಂದ ದುಡ್ಡು ಪಡೆದವನ ಹೆಸರು ಜಾನ್ ಸಾಲೊಮನ್ ರೇರಿ. ಅವನ ಬದುಕನ್ನು ನೋಡಿದರೆ ಆ ವಿಡಿಯೋದಲ್ಲಿ ನಿಜಕ್ಕೂ ನಡೆಯುವುದೇನು ಎಂಬುದೂ ತಿಳಿಯುತ್ತದೆ.

ರೇರಿ ಹುಟ್ಟಿದ್ದು 1827ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಗ್ರೋವ್‌ಪೋರ್ಟ್‌ನಲ್ಲಿ, ರೈತರ ಮನೆಯಲ್ಲಿ. ವರ್ಟ್ಸ್ ಗ್ರೋವ್ ಮತ್ತು ರೇರೀಸ್ ಪೋರ್ಟ್ ಎಂಬ ಎರಡು ಹಳ್ಳಿಗಳು ಸೇರಿ ಗ್ರೋವ್‌ಪೋರ್ಟ್ ಆದದ್ದು, ಅಂದರೆ ಊರಿನಲ್ಲೇ ಅವರ ಮನೆತನದ ಹೆಸರಿತ್ತು. ಕುದುರೆ ಮರಿಗಳನ್ನು ಪಳಗಿಸುವ ಕೆಲಸ ಹುಡುಗ ರೇರಿಗೆ ಬೇಗನೆ ಕೈಹತ್ತಿತು. ಆ ಕಾಲದಲ್ಲಿ ಕುದುರೆ ಪಳಗಿಸುವುದೆಂದರೆ ಹೊಡೆದು, ಹಸಿವಿನಿಂದ ಕೆಡವಿ ಅದರ ಸೊಕ್ಕು ಮುರಿಯುವುದು ಎಂದೇ ಅನೇಕರ ಲೆಕ್ಕ. ಇನ್ನೊಂದು ಕಡೆ ಜೀರಿಗೆ ಎಣ್ಣೆಯಂಥ ಸುವಾಸನೆಯ ಎಣ್ಣೆಗಳನ್ನು ಮೂಗಿಗೆ ಹಿಡಿದರೆ ಕುದುರೆ ವಶವಾಗುತ್ತದೆ ಎಂದು ಹೇಳಿ ಪುಡಿಗಾಸು ಮಾಡುವವರೂ ಇದ್ದರು. ಐರ್ಲೆಂಡಿನಲ್ಲಿ ಸುಲಿವನ್ ಎಂಬಾತ ಕಿವಿಯಲ್ಲಿ ಪಿಸುಗುಟ್ಟಿಯೇ ಕುದುರೆ ಪಳಗಿಸುತ್ತಾನೆ ಎಂಬ ಪ್ರತೀತಿ ಇತ್ತು.

1856ರಲ್ಲಿ ರೇರಿ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಅದರ ತಿರುಳು ಸರಳ. ತನಗೆ ಅರ್ಥವಾದ ಕೆಲಸವನ್ನು ಕುದುರೆ ವಿರೋಧಿಸುವುದಿಲ್ಲ. ತನ್ನ ಬಲ ಎಷ್ಟೆಂದು ಅದಕ್ಕೆ ಗೊತ್ತಿಲ್ಲ. ನೋವು ಕೊಡದ ವಸ್ತುವನ್ನು ನಿಧಾನವಾಗಿ ಮೂಸಿ ನೋಡಲು ಬಿಟ್ಟರೆ ಅದಕ್ಕೆ ಹೆದರುವುದೂ ಇಲ್ಲ. ಕೊಡೆ, ಡೋಲುಗಳನ್ನು ಕೂಡ ಹೀಗೆಯೇ ಪರಿಚಯ ಮಾಡಿಸಬಹುದು ಎಂದು ಅವನು ತೋರಿಸಿದ. ಈಗಿನವರು ಇದನ್ನು ಅಭ್ಯಾಸಬಲದಿಂದ ಭಯ ಕಳೆಯುವುದು ಎನ್ನುತ್ತಾರೆ.

ನಮಗೆ ಇಲ್ಲಿ ಮುಖ್ಯವಾದದ್ದು ಅದೇ ಪುಸ್ತಕದ ಹಾಲ್ಟರ್ ಕುರಿತ ಭಾಗ. ಹಾಲ್ಟರ್ ಎಂದರೆ ಬಾಯಿಗೆ ಕಡಿವಾಣ ಹಾಕದೆ ತಲೆಗೆ ಮಾತ್ರ ತೊಡಿಸಿ ಕುದುರೆಯನ್ನು ನಡೆಸುವ ಸಾಧನ. ಪಳಗದ ಮರಿಗೆ ಹಗ್ಗದ ಹಾಲ್ಟರ್ ಹಾಕಲೇಬಾರದು, ಎಳೆದಾಗ ಮೂಗಿನ ಸುತ್ತ ಬಿಗಿಯದ ಚರ್ಮದ ಹಾಲ್ಟರ್ ಹಾಕಬೇಕು ಎಂದು ರೇರಿ ಖಂಡಿತವಾಗಿ ಬರೆದಿದ್ದಾನೆ. ಹಗ್ಗ ಬಿಗಿದಷ್ಟೂ ನೋವು, ನೋವಾದಷ್ಟೂ ಮರಿ ಹಿಂದಕ್ಕೆ ಬಿದ್ದು ತನಗೇ ಪೆಟ್ಟು ಮಾಡಿಕೊಳ್ಳುತ್ತದೆ ಎಂಬುದು ಅವನ ಅನುಭವ. ಲಾಯದೊಳಗೆ ಹೋಗಲು ಹೆದರುವ ಮರಿಗೆ ಅವನ ಉಪಾಯ ಇನ್ನೂ ಸುಲಭ: ಮೊದಲು ಸಾಧು ಕುದುರೆಯೊಂದನ್ನು ಒಳಗೆ ಕರೆದೊಯ್ಯಿರಿ, ಕೂಗಾಡಬೇಡಿ, ಅವಸರ ಮಾಡಬೇಡಿ. ಇಂದು ಗಾಡಿ ಹತ್ತದ ಕುದುರೆಗೂ ತಜ್ಞರು ಇದನ್ನೇ ಹೇಳುತ್ತಾರೆ.

ಆದರೆ ಜಗತ್ತು ರೇರಿಯನ್ನು ನೆನಪಿಟ್ಟುಕೊಂಡದ್ದು ಈ ತಾಳ್ಮೆಗಾಗಿ ಅಲ್ಲ. ಕೆನಡಾದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳ ಮೆಚ್ಚುಗೆ ಗಳಿಸಿ ಅವನು ಇಂಗ್ಲೆಂಡಿಗೆ ಹೋದ. 1858ರ ಆರಂಭದಲ್ಲಿ ವಿಕ್ಟೋರಿಯಾ ರಾಣಿಯ ಎದುರೇ ಪ್ರದರ್ಶನ ಕೊಟ್ಟ. ಆಮೇಲೆ ತನ್ನ ವಿದ್ಯೆಯನ್ನು ತಲಾ ಹತ್ತು ಗಿನಿಗೆ ಮಾರಲು ಇಟ್ಟ. ಕಲಿಯುವವರು ಗುಟ್ಟನ್ನು ಹೊರಗೆ ಬಿಡುವುದಿಲ್ಲ ಎಂದು ಮಾತು ಕೊಡಬೇಕಿತ್ತು. ಗುಟ್ಟು ಎಂದ ಮೇಲೆ ಕೇಳಬೇಕೇ? ಜನ ಮುಗಿಬಿದ್ದರು.

ತಮಾಷೆಯೆಂದರೆ ಪುಸ್ತಕ ಅಮೆರಿಕದಲ್ಲಿ ಆಗಲೇ ಅಚ್ಚಾಗಿತ್ತು. ಲಂಡನ್ನಿನ ಪ್ರಕಾಶಕರೊಬ್ಬರು ಅದನ್ನು ಹಾಗೆಯೇ ಮರುಮುದ್ರಿಸಿ ಆರು ಪೆನ್ನಿಗೆ ಮಾರಿದರು. ಮಾತು ಕೊಟ್ಟವರನ್ನು ರೇರಿ ಬಿಡುಗಡೆ ಮಾಡಬೇಕಾಯಿತು. ಈ ನಡುವೆ ಡೆಂಟನ್ ಆಫಟ್ ಎಂಬಾತ ಇದು ತನ್ನ ವಿದ್ಯೆ, ರೇರಿ ಕಲಿತದ್ದು ತನ್ನಿಂದಲೇ ಎಂದು ದೂರಿದ. ಯೌವನದಲ್ಲಿ ಅಬ್ರಹಾಂ ಲಿಂಕನ್ ಕೆಲಸಕ್ಕಿದ್ದ ಅಂಗಡಿಯ ಮಾಲೀಕ ಈ ಆಫಟ್.

ಹಾಗಾದರೆ ಗುಟ್ಟೇನು? ಎರಡು ಚರ್ಮದ ಪಟ್ಟಿ. ಕುದುರೆಯ ಒಂದು ಮುಂಗಾಲನ್ನು ಮಡಚಿ ಪಟ್ಟಿಯಿಂದ ಕಟ್ಟುವುದು. ಮೂರು ಕಾಲಿನಲ್ಲಿ ನಿಂತ ಕುದುರೆ ಒದೆಯಲಾರದು, ಓಡಲಾರದು. ಇನ್ನೊಂದು ಪಟ್ಟಿಯಿಂದ ಎರಡನೇ ಮುಂಗಾಲನ್ನೂ ಎಳೆದುಕೊಂಡರೆ ಅದು ಮಂಡಿಯೂರುತ್ತದೆ, ಸ್ವಲ್ಪ ಹೊತ್ತು ಹೆಣಗಾಡಿ ದಣಿದು ಮಲಗುತ್ತದೆ. ಆಗ ಅದರ ಮೈಯೆಲ್ಲ ಸವರಿ, ಪಕ್ಕದಲ್ಲಿ ಕೂತು, ಏನೂ ಕೆಡುಕಾಗುವುದಿಲ್ಲ ಎಂದು ತೋರಿಸಿ ಮೇಲೇಳಿಸುವುದು. ಮಂತ್ರವೂ ಇಲ್ಲ, ಎಣ್ಣೆಯೂ ಇಲ್ಲ.

ಇದರ ದೊಡ್ಡ ಪರೀಕ್ಷೆ ಕ್ರೂಸರ್ ಎಂಬ ಗಂಡು ಕುದುರೆ. ಲಾರ್ಡ್ ಡಾರ್ಚೆಸ್ಟರ್ ಅವರ ಒಳ್ಳೇ ತಳಿಯ ರೇಸ್ ಕುದುರೆ ಅದು, ಆದರೆ ಹತ್ತಿರ ಹೋದವರ ಮೇಲೆ ಬೀಳುತ್ತಿತ್ತು. ಭಾರವಾದ ಕಬ್ಬಿಣದ ಮುಖಕವಚ ಹಾಕಿ ಅದನ್ನು ಕೂಡಿಹಾಕಿದ್ದರು. ರೇರಿ ಸುಮಾರು ಮೂರು ಗಂಟೆಗಳಲ್ಲಿ ಅದರ ಮೇಲೆ ಜನ ಕೂರುವಂತೆ ಮಾಡಿದ ಎಂದು ಅಂದಿನ ವರದಿಗಳು ಹೇಳುತ್ತವೆ. ಲಂಡನ್ನಿನಲ್ಲಿ ಕ್ರೂಸರನ್ನು ನೋಡಲು ಜನ ಕಿಕ್ಕಿರಿದರು. ಮೃಗಾಲಯದ ಜೀಬ್ರಾವನ್ನೂ ಅವನು ಪಳಗಿಸಿ ತೋರಿಸಿದ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಫಾರ್ವರ್ಡ್ ಮಾಡಿದರೆ ಅರ್ಧ ಸತ್ಯವಾಗುತ್ತದೆ. ಮಲಗಿದ ಕುದುರೆ ಶಾಂತವಾಗಿದೆ ಎಂದು ರೇರಿ ನಂಬಿದ್ದ, ನೋಡಿದವರೂ ನಂಬಿದರು. ಇಂದಿನ ಪ್ರಾಣಿವರ್ತನೆಯ ತಜ್ಞರು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಕುದುರೆ ಅಪಾಯ ಕಂಡರೆ ಓಡಿ ಬದುಕುವ ಪ್ರಾಣಿ. ಓಡುವ ದಾರಿಯೇ ಮುಚ್ಚಿದಾಗ ಅದು ಏನು ಮಾಡಿದರೂ ಉಪಯೋಗವಿಲ್ಲ ಎಂದು ಕೈಚೆಲ್ಲಬಹುದು. ಇದಕ್ಕೆ ಕಲಿತ ಅಸಹಾಯಕತೆ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಅದೂ ವಿಧೇಯತೆಯಂತೆಯೇ ಕಾಣುತ್ತದೆ. ಚಾಟಿಯೇಟಿಗಿಂತ ರೇರಿಯ ದಾರಿ ಎಷ್ಟೋ ಮೇಲು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಆ ಮೂರು ಗಂಟೆಯ ಪವಾಡದಲ್ಲಿ ನಂಬಿಕೆ ಎಷ್ಟಿತ್ತು, ದಣಿವು ಎಷ್ಟಿತ್ತು ಎಂದು ಬೇರ್ಪಡಿಸುವುದು ಕಷ್ಟ.

ಈಗ ವಿಡಿಯೋದ ತೆಳು ಹಗ್ಗಕ್ಕೆ ಬರೋಣ. ಅದು ಪ್ರೆಷರ್ ಹಾಲ್ಟರ್. ಕುದುರೆ ಹಿಂದಕ್ಕೆ ಎಳೆದರೆ ಮೂಗಿನ ಮೇಲೆ ಮತ್ತು ಕಿವಿಗಳ ಹಿಂದೆ ಒತ್ತುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಸಡಿಲವಾಗುತ್ತದೆ. ಕುದುರೆ ಕಲಿಯುವುದು ಒತ್ತಡದಿಂದಲ್ಲ, ಒತ್ತಡ ತಪ್ಪಿದ ಆ ಕ್ಷಣದಿಂದ. ಹಿಡಿದವರು ಸಡಿಲ ಬಿಡಲು ತಡಮಾಡಿದರೆ ಅದೇ ಹಗ್ಗ ಬರೀ ಹಿಂಸೆ. ಕುದುರೆಯ ಮುಖದಲ್ಲಿ ಚರ್ಮದ ಕೆಳಗೇ ನರಗಳಿವೆ. ಮೂಗಿನ ಮೂಳೆ ಕೆಳಗೆ ಹೋದಂತೆ ತೆಳುವಾಗುತ್ತದೆ. ಪಟ್ಟಿ ತೀರಾ ಕೆಳಗೆ ಜಾರಿದರೆ ಉಸಿರಾಟಕ್ಕೂ ತೊಂದರೆ. ಇಂಥ ಹಾಲ್ಟರ್ ಹಾಕಿದ ಕುದುರೆಯನ್ನು ಕಂಬಕ್ಕೆ ಅಥವಾ ಗಾಡಿಯೊಳಗೆ ಕಟ್ಟಿಹಾಕಬಾರದು. ಬೆದರಿ ಹಿಂದೆ ಜಗ್ಗಿದರೆ ಸಡಿಲ ಮಾಡಲು ಅಲ್ಲಿ ಯಾರ ಕೈಯೂ ಇರುವುದಿಲ್ಲ. ರೇರಿ ಹಗ್ಗದ ಹಾಲ್ಟರ್ ಬೇಡ ಎಂದಾಗ ಹೆದರಿದ್ದು ಇದಕ್ಕೇ.

ಇನ್ನು ಕಿವಿಯಲ್ಲಿ ಹೇಳಿದ ಮಾತು? ಮೆಲ್ಲನೆಯ ದನಿಯಿಂದ ಕುದುರೆಗೆ ತೊಂದರೆಯಿಲ್ಲ. ಗಾಡಿ ಹತ್ತಿಸಿದ್ದು ಮಾತ್ರ ಆ ದನಿಯಲ್ಲ.

ಯುರೋಪಿನಲ್ಲೆಲ್ಲ ತಿರುಗಿ, ಕೈತುಂಬ ಗಳಿಸಿ ರೇರಿ 1860ರ ಹೊತ್ತಿಗೆ ಊರಿಗೆ ಮರಳಿದ. ಕ್ರೂಸರನ್ನೂ ಹಡಗಿನಲ್ಲಿ ಜೊತೆಗೆ ತಂದ. ಹೆಚ್ಚು ಕಾಲ ಬಾಳಲಿಲ್ಲ. 1866ರ ಅಕ್ಟೋಬರಿನಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡಾಗ ಅವನಿಗೆ 38 ವರ್ಷ. ಉಯಿಲಿನಲ್ಲಿ ಕುದುರೆಯ ಆರೈಕೆಗೆ ವ್ಯವಸ್ಥೆ ಮಾಡಿದ್ದ. ಕ್ರೂಸರ್ ಗ್ರೋವ್‌ಪೋರ್ಟ್‌ನಲ್ಲೇ ಇದ್ದು 1875ರಲ್ಲಿ ಸತ್ತಿತು. ಆ ಊರಿನ ಹೈಸ್ಕೂಲಿನ ಆಟದ ತಂಡಗಳಿಗೆ ಇವತ್ತಿಗೂ ಕ್ರೂಸರ್ಸ್ ಎಂದೇ ಹೆಸರು.