ಬುಟ್ಟಿಚೆಂಡಾಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅಯ್ಯನವರ ಚರಿತ್ರೆ

ನಮ್ಮ ಸಭೆಗಳಲ್ಲಿ ಕೆಲವು ಹಿರಿಯರು ಆಟವೆಂಬದನ್ನು ಲೋಕದ ವ್ಯರ್ಥ ಕಾರ್ಯಗಳಲ್ಲಿ ಒಂದೆಂದು ಎಣಿಸುತ್ತಾರೆ. ಮತ್ತೆ ಕೆಲವರು ಆರೇಳು ವರುಷದ ಕೂಸುಗಳನ್ನು ಸಹ ಬಹುಮಾನದ ಆಶೆಯಿಂದ ಪಂದ್ಯಗಳಿಗೆ ಇಳಿಸಿ, ಸೋತು ಬಂದ ಮಗುವನ್ನು ಎಲ್ಲರ ಮುಂದೆ ಗದರಿಸುತ್ತಾರೆ. ಮೊದಲನೆಯವರು ಮಕ್ಕಳಿಂದ ಆಟವನ್ನು ಕಿತ್ತುಕೊಳ್ಳುತ್ತಾರೆ. ಎರಡನೆಯವರು ಆಟದಿಂದ ಸಂತೋಷವನ್ನು ಕಿತ್ತುಕೊಳ್ಳುತ್ತಾರೆ. ಈ ಎರಡರ ನಡುವೆ ಒಳ್ಳೆಯ ದಾರಿ ಉಂಟೋ ಎಂದು ವಿಚಾರಿಸುವವರಿಗೆ ಜೇಮ್ಸ್ ನೈಸ್ಮಿತ್ ಎಂಬ ದೇವಭಕ್ತರ ಚರಿತ್ರೆಯು ಪ್ರಯೋಜನಕರವಾಗುವದೆಂದು ನೆನಸಿ, ಅದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು 1861ನೆಯ ಇಸವಿ ನವೆಂಬರ್ 6ರಲ್ಲಿ ಕೆನಡಾ ದೇಶದ ಒಂಟಾರಿಯೋ ಸೀಮೆಗೆ ಸೇರಿದ ಆಲ್ಮಾಂಟ್ ಎಂಬ ಊರಿನ ಸಮೀಪದಲ್ಲಿ ಹುಟ್ಟಿದರು. ತಂದೆತಾಯಿಗಳು ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು. ತಂದೆಯು ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. 1870ರಲ್ಲಿ ವಿಷಮಶೀತ ಜ್ವರವು ಆ ಮನೆಯನ್ನು ಹೊಕ್ಕು, ಕೆಲವೇ ವಾರಗಳೊಳಗೆ ತಂದೆತಾಯಿಗಳಿಬ್ಬರನ್ನೂ ತೆಗೆದುಕೊಂಡು ಹೋಯಿತು. ಹೀಗೆ ಸುಮಾರು ಒಂಭತ್ತು ವರುಷದ ಬಾಲಕನಾದ ಜೇಮ್ಸನು ತನ್ನ ಒಡಹುಟ್ಟಿದವರೊಂದಿಗೆ ಅನಾಥನಾಗಿ, ಕಡೆಗೆ ಪೀಟರ್ ಯಂಗ್ ಎಂಬ ಸೋದರಮಾವನ ಆಶ್ರಯದಲ್ಲಿ ಬೆಳೆದನು.

ಆ ಮಾವನು ಕಠಿಣನಾದರೂ ನ್ಯಾಯವಂತನು. ಒಂದು ಚಳಿಗಾಲದಲ್ಲಿ ಹುಡುಗನು ಹೆಪ್ಪುಗಟ್ಟಿದ ಹೊಳೆಯ ಮೇಲೆ ಕುದುರೆಗಳನ್ನು ಹೊಡೆದುಕೊಂಡು ಹೋಗುತ್ತಿರಲಾಗಿ ಮಂಜುಗಡ್ಡೆಯು ಒಡೆದು ಕುದುರೆಗಳು ನೀರಿಗೆ ಬಿದ್ದವಂತೆ. ಅವನು ಬಹು ಪ್ರಯಾಸದಿಂದ ಅವುಗಳನ್ನು ದಡಕ್ಕೆ ಎಳೆದು ತಂದು ತಲೆಯೆತ್ತಿ ನೋಡಿದಾಗ, ಮಾವನು ಮರಗಳ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಲಿದ್ದನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಸ್ವಂತ ಕೈಯಿಂದ ಕಲಿಯಬೇಕೆಂಬ ಪಾಠವು ಹೀಗೆ ಅವನಿಗೆ ಎಳೆಯ ಪ್ರಾಯದಲ್ಲಿಯೇ ದೊರಕಿತು.

ಆ ಊರಿನ ಮಕ್ಕಳು ಆಡುತ್ತಿದ್ದ ಒಂದು ಆಟವನ್ನು ಇಲ್ಲಿ ಹೇಳಲೇಬೇಕು. ಅದು ನಮ್ಮ ಹಳ್ಳಿಗಳ ಲಗೋರಿಯ ಸೋದರಿಯೆಂದು ಹೇಳಬಹುದು. ದೊಡ್ಡ ಬಂಡೆಯ ಮೇಲೆ ಚಿಕ್ಕ ಕಲ್ಲನ್ನಿಟ್ಟು ಒಬ್ಬನು ಕಾಯುವನು. ಉಳಿದವರು ದೂರ ನಿಂತು ತಮ್ಮ ಕಲ್ಲುಗಳನ್ನೆಸೆದು ಅದನ್ನು ಕೆಡವಬೇಕು. ರಭಸದಿಂದ ನೇರವಾಗಿ ಎಸೆದವನ ಕಲ್ಲು ಗುರಿ ತಪ್ಪಿದರೆ ಬಹು ದೂರ ಹೋಗಿ ಬೀಳುವದು. ಅವನು ಅದನ್ನು ತರುವದರೊಳಗೆ ಸಿಕ್ಕಿಬೀಳುವನು. ಮೆಲ್ಲಗೆ, ಮೇಲಕ್ಕೆ ಬಾಗಿಸಿ ಎಸೆದವನ ಕಲ್ಲಾದರೋ ಬಂಡೆಯ ಹತ್ತಿರವೇ ಬೀಳುವದು. ಬಲಕ್ಕಿಂತಲೂ ನಿದಾನವೇ ಮೇಲೆಂಬ ಈ ಸಂಗತಿಯು ಬಾಲಕನ ಮನಸ್ಸಿನಲ್ಲಿ ಬಿತ್ತಿದ ಬೀಜದಂತೆ ಉಳಿಯಿತು.

ಹದಿನೈದು ವರುಷದ ಪ್ರಾಯದಲ್ಲಿ ಅವನು ಪಾಠಶಾಲೆಯನ್ನು ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋದನು. ಕೆಲವು ವರುಷಗಳಾದ ಮೇಲೆ ಮನಸ್ಸು ತಿರುಗಿ, ತನಗಿಂತ ಚಿಕ್ಕವರಾದ ಹುಡುಗರೊಡನೆ ನಾಚದೆ ಕುಳಿತು ಓದನ್ನು ಮುಂದುವರಿಸಿದನು. 1887ರಲ್ಲಿ ಮಾಂಟ್ರಿಯಲ್ ಪಟ್ಟಣದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪದವಿಯನ್ನು ಹೊಂದಿ, ತರುವಾಯ ಅಲ್ಲಿನ ಪ್ರೆಸ್‌ಬಿಟೇರಿಯನ್ ದೈವಶಾಸ್ತ್ರ ಪಾಠಶಾಲೆಯನ್ನು ಸೇರಿ, 1890ರಲ್ಲಿ ಆ ಅಭ್ಯಾಸವನ್ನು ಪೂರೈಸಿದನು.

ಈ ಕಾಲದಲ್ಲಿ ಅವರಿಗೆ ಒಂದು ಶೋಧನೆ ಬಂತು. ಅವರು ವ್ಯಾಯಾಮದಲ್ಲಿಯೂ ಕಾಲ್ಚೆಂಡಿನಲ್ಲಿಯೂ ನಿಪುಣರಾಗಿದ್ದರು. ಆದರೆ ಆ ದಿನಗಳ ಭಕ್ತರಲ್ಲಿ ಅನೇಕರು ಆಟದ ಬಯಲನ್ನು ಸೈತಾನನ ಬಯಲೆಂದೇ ತಿಳಿದಿದ್ದರು. ಸಹಪಾಠಿಗಳು ಅವರ ಆತ್ಮದ ರಕ್ಷಣೆಗಾಗಿ ಪ್ರಾರ್ಥಿಸಿದರಂತೆ. ಆಟದಲ್ಲಿ ಪೆಟ್ಟುಬಿದ್ದು ಕಪ್ಪಾದ ಕಣ್ಣುಗಳೊಂದಿಗೆ ಅವರು ಒಂದು ಭಾನುವಾರ ಪ್ರಸಂಗಪೀಠವನ್ನು ಹತ್ತಿದರೆಂದೂ ಹೇಳುವದುಂಟು. ಹೀಗಿರಲಾಗಿ ಒಂದು ದಿನ ಪಂದ್ಯದ ನಡುವೆ ಅವರ ಜತೆಗಾರನೊಬ್ಬನು ಕೋಪದಿಂದ ಕೆಟ್ಟ ಮಾತಾಡಿ, ಪಕ್ಕದಲ್ಲಿ ನೈಸ್ಮಿತರು ಇರುವದನ್ನು ಕಂಡು ತಾನಾಗಿಯೇ ಕ್ಷಮೆ ಬೇಡಿದನು. ಇವರು ಅವನನ್ನು ಎಂದೂ ಗದರಿಸಿದವರಲ್ಲ. ಪ್ರಸಂಗವಿಲ್ಲದೆ, ಬರೀ ನಡತೆಯಿಂದಲೇ ಯೌವನಸ್ಥರ ಹೃದಯವನ್ನು ಮುಟ್ಟಬಹುದೆಂದು ಅವರಿಗೆ ಆಗ ತೋರಿತು. ಆದಕಾರಣ ಸಭಾಪಾಲಕರಾಗುವದಕ್ಕೆ ಬದಲಾಗಿ ಅವರು ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದವರು ನಡಿಸುತ್ತಿದ್ದ ತರಬೇತಿನ ಶಾಲೆಯನ್ನು ಸೇರಿದರು. ಅಕ್ಕನಿಗೆ ಇದು ದೊಡ್ಡ ದುಃಖವಾಯಿತು. ದೇವರ ಸೇವೆಯನ್ನು ಬಿಟ್ಟು ಚೆಂಡಿನ ಹಿಂದೆ ಹೋದನೆಂದು ಆಕೆ ಬಹುಕಾಲ ನೊಂದುಕೊಂಡಳು.

1891ರ ಚಳಿಗಾಲದಲ್ಲಿ ಆ ಶಾಲೆಯ ಹದಿನೆಂಟು ಮಂದಿ ವಿದ್ಯಾರ್ಥಿಗಳ ಒಂದು ತರಗತಿಯು ಮೊಂಡುತನಕ್ಕೆ ಹೆಸರಾಗಿತ್ತು. ಹೊರಗೆ ಹಿಮ ಬೀಳುತ್ತಿದ್ದುದರಿಂದ ಒಳಗೆ ಕೈಕಾಲು ಆಡಿಸುವ ಕವಾಯತನ್ನೇ ದಿನವೂ ಮಾಡಿ ಅವರು ಬೇಸತ್ತಿದ್ದರು. ಇಬ್ಬರು ಉಪಾಧ್ಯಾಯರು ಅವರನ್ನು ಕಲಿಸಲಾರದೆ ಕೈಬಿಟ್ಟ ಮೇಲೆ ಮುಖ್ಯಸ್ಥರಾದ ಲೂಥರ್ ಗ್ಯೂಲಿಕ್ ಅವರು ನೈಸ್ಮಿತರಿಗೆ ಅದನ್ನು ಒಪ್ಪಿಸಿ, ಹದಿನಾಲ್ಕು ದಿನಗಳೊಳಗೆ ಒಳಾಂಗಣದಲ್ಲಿ ಆಡತಕ್ಕ ಹೊಸ ಆಟವೊಂದನ್ನು ಕಂಡುಹಿಡಿಯಬೇಕೆಂದು ಹೇಳಿದರು. ಇವರು ಹಳೆಯ ಆಟಗಳನ್ನು ಒಂದೊಂದಾಗಿ ಒಳಗೆ ತಂದು ನೋಡಿದರು. ಪೆಟ್ಟುಗಳೂ ಜಗಳಗಳೂ ಹೊರತು ಮತ್ತೇನೂ ಆಗಲಿಲ್ಲ.

ವಾಚಕರು ಇಲ್ಲಿ ಗಮನಿಸಬೇಕು. ನೈಸ್ಮಿತರು ಆ ವಿದ್ಯಾರ್ಥಿಗಳನ್ನು ದೂರಲಿಲ್ಲ. ತಪ್ಪು ಮನುಷ್ಯರಲ್ಲಿ ಅಲ್ಲ, ಅವರಿಗೆ ಕೊಟ್ಟ ಕ್ರಮದಲ್ಲಿ ಇದೆ ಎಂದು ತೀರ್ಮಾನಿಸಿ, ಪ್ರತಿಯೊಂದು ಕೇಡಿಗೂ ಕಾರಣವನ್ನು ಹುಡುಕಿದರು. ಆಟಗಾರರು ಒಬ್ಬರನ್ನೊಬ್ಬರು ಕೆಡವುವದು ಯಾಕೆ? ಚೆಂಡನ್ನು ಹಿಡಿದು ಓಡುವವನನ್ನು ತಡೆಯುವದಕ್ಕೆ. ಹಾಗಾದರೆ ಚೆಂಡನ್ನು ಹಿಡಿದು ಓಡಬಾರದು. ಚೆಂಡನ್ನು ರಭಸದಿಂದ ಹೊಡೆಯುವದು ಯಾಕೆ? ಗುರಿಯು ನೆಲದ ಮೇಲೆ ಎದುರಿಗೆ ನಿಂತಿರುವದರಿಂದ. ಹಾಗಾದರೆ ಗುರಿಯು ತಲೆಯ ಮೇಲೆ, ಬಾಯಿ ಮೇಲ್ಮುಖವಾಗಿ ಇರಬೇಕು. ಆಗ ಬಾಲ್ಯದಲ್ಲಿ ಬಾಗಿಸಿ ಎಸೆದ ಆ ಕಲ್ಲು ನೆನಪಿಗೆ ಬಂತು. ಅವರು ಶಾಲೆಯ ಕಾವಲುಗಾರನ ಬಳಿ ಎರಡು ಪೆಟ್ಟಿಗೆಗಳನ್ನು ಕೇಳಲು, ಅವನು ಪೆಟ್ಟಿಗೆಗಳಿಲ್ಲವೆಂದು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ತಂದುಕೊಟ್ಟನು. ಅವುಗಳನ್ನು ಮೇಲಣ ಮೊಗಸಾಲೆಯ ಕಟಾಂಜನಕ್ಕೆ ಮೊಳೆ ಹೊಡೆದು ಕಟ್ಟಿದರು. ಆ ಕಟಾಂಜನವು ನೆಲದಿಂದ ಹತ್ತು ಅಡಿ ಎತ್ತರವಿದ್ದುದರಿಂದಲೇ ದೊಡ್ಡವರ ಆಟದಲ್ಲಿ ಬುಟ್ಟಿಯು ಇಂದಿಗೂ ಹತ್ತು ಅಡಿ ಎತ್ತರದಲ್ಲಿ ನಿಂತಿದೆ.

ಆ ಆಟಕ್ಕೆ ಅವರು ಬರೆದ ನಿಯಮಗಳು 13. ಚೆಂಡನ್ನು ಕೈಗಳಿಂದ ಯಾವ ದಿಕ್ಕಿಗಾದರೂ ಎಸೆಯಬಹುದು, ಮುಷ್ಟಿಯಿಂದ ಗುದ್ದಬಾರದು. ಹಿಡಿದ ಸ್ಥಳದಿಂದಲೇ ಎಸೆಯಬೇಕು. ಎದುರಾಳಿಯನ್ನು ಹೆಗಲಿನಿಂದ ನೂಕಬಾರದು, ಹಿಡಿಯಬಾರದು, ಕಾಲು ಅಡ್ಡವಿಡಬಾರದು, ಹೊಡೆಯಬಾರದು; ಎರಡನೆಯ ಸಾರಿ ಹೀಗೆ ಮಾಡಿದವನು ಮುಂದಿನ ಬುಟ್ಟಿ ಬೀಳುವ ವರೆಗೆ ಹೊರಗಿರಬೇಕು; ಗಾಯಪಡಿಸಬೇಕೆಂದೇ ಮಾಡಿದವನು ಆಟ ಮುಗಿಯುವ ತನಕ ಹೊರಗಿರಬೇಕು. ಒಂದು ಪಕ್ಷದವರು ಎಡೆಬಿಡದೆ ಮೂರು ತಪ್ಪು ಮಾಡಿದರೆ ಎದುರು ಪಕ್ಷಕ್ಕೆ ಒಂದು ಬುಟ್ಟಿಯ ಲೆಕ್ಕ. ಆಟಗಾರರನ್ನು ನೋಡುವದಕ್ಕೆ ಒಬ್ಬನು, ಚೆಂಡನ್ನು ನೋಡುವದಕ್ಕೆ ಇನ್ನೊಬ್ಬನು, ಹೀಗೆ ಇಬ್ಬರು ತೀರ್ಪುಗಾರರು. ಹದಿನೈದು ನಿಮಿಷಗಳ ಎರಡು ಭಾಗಗಳು, ನಡುವೆ ಐದು ನಿಮಿಷ ವಿಶ್ರಾಂತಿ.

ಡಿಸೆಂಬರ್ 21ರಂದು ಒಂಭತ್ತು ಮಂದಿಗೆ ಒಂಭತ್ತು ಮಂದಿಯಂತೆ ಮೊದಲನೆಯ ಆಟ ನಡೆಯಿತು. ಬಿದ್ದ ಬುಟ್ಟಿ ಒಂದೇ. ಆದರೂ ಆ ಮೊಂಡರು ಸಂತೋಷದಿಂದ ತುಂಬಿದರು. ವಿದ್ಯಾರ್ಥಿಯೊಬ್ಬನು ಆಟಕ್ಕೆ ನೈಸ್ಮಿತರ ಹೆಸರನ್ನೇ ಇಡಬೇಕೆಂದಾಗ ಅವರು ನಕ್ಕು ಬೇಡವೆಂದರು. ಬುಟ್ಟಿಯ ಹೆಸರೇ ನಿಂತಿತು. ಸಮೀಪದ ಪಾಠಶಾಲೆಯ ಉಪಾಧ್ಯಾಯಿನಿಯರು ತಾವೂ ಆಡಬಹುದೋ ಎಂದು ಕೇಳಿದಾಗ ಅವರು ಅಡ್ಡಿ ಮಾಡಲಿಲ್ಲ. ಆ ಕಾಲದಲ್ಲಿ ಆಡಿದ ಸ್ತ್ರೀಯರಲ್ಲಿ ಮಾಡ್ ಶೆರ್ಮನ್ ಎಂಬಾಕೆಯನ್ನು ಅವರು 1894ರಲ್ಲಿ ವಿವಾಹವಾದರು. ಮೊದಲ ಆಟದಲ್ಲಿದ್ದ ಡಂಕನ್ ಪ್ಯಾಟನ್ ಎಂಬವರು ಅದೇ 1894ರಲ್ಲಿ ನಮ್ಮ ಹಿಂದೂದೇಶಕ್ಕೆ ಈ ಆಟವನ್ನು ತಂದರು. 1920ರಲ್ಲಿ ಮದರಾಸಿನಲ್ಲಿ ಸಂಘದ ವ್ಯಾಯಾಮ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದ ಹ್ಯಾರಿ ಕ್ರೋ ಬಕ್ ಅವರೂ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಕಲಿತವರು.

ನೈಸ್ಮಿತರು 1898ರಲ್ಲಿ ವೈದ್ಯ ಪದವಿಯನ್ನು ಪಡೆದು, ಅದೇ ವರುಷ ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾರ್ಥನಾಲಯದ ಮೇಲ್ವಿಚಾರಣೆಗೂ ವ್ಯಾಯಾಮ ಶಿಕ್ಷಣಕ್ಕೂ ನೇಮಕವಾದರು. ಅಲ್ಲಿ ಅವರು ನಡಿಸಿದ ತಂಡವು 55 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತಿತು. ಗೆದ್ದವಕ್ಕಿಂತ ಸೋತವು ಹೆಚ್ಚಾಗಿರುವ ಶಿಕ್ಷಕರು ಆ ವಿಶ್ವವಿದ್ಯಾಲಯದಲ್ಲಿ ಇವರೊಬ್ಬರೇ. ಆಟವನ್ನು ಹುಟ್ಟಿಸಿದವರೂ ಇವರೇ! ಯಾಕಂದರೆ ಅವರು ಗೆಲುವನ್ನಲ್ಲ, ಹುಡುಗರ ಗುಣವನ್ನು ನೋಡುತ್ತಿದ್ದರು. 1930ರ ದಶಕದಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕರಿಯ ಜನಾಂಗದ ಯುವಕನು ಅಲ್ಲಿಗೆ ಓದಲು ಬಂದನು. ಅವನ ಮೈಬಣ್ಣದ ನಿಮಿತ್ತ ಅವನನ್ನು ವಿಶ್ವವಿದ್ಯಾಲಯದ ತಂಡಕ್ಕೆ ಸೇರಿಸಲಿಲ್ಲ. ಮುದುಕರಾಗಿದ್ದ ನೈಸ್ಮಿತರು ಅವನನ್ನು ಶಿಷ್ಯನನ್ನಾಗಿ ಅಂಗೀಕರಿಸಿ ತಮಗೆ ತಿಳಿದದ್ದನ್ನು ಕಲಿಸಿದರು; ಅವನು ಮುಂದೆ ಪ್ರಖ್ಯಾತ ಶಿಕ್ಷಕನಾದನು. ಜಾತಿಯ ನೊಗವನ್ನು ಹೊತ್ತ ಹಿರಿಯರ ಸಂತಾನವಾದ ನಾವು ಈ ಸಂಗತಿಯನ್ನು ಮರೆಯಲಾಗದು.

ಅಕ್ಕನು ಬಯಸಿದ್ದ ಸೇವೆಯೂ ತಪ್ಪಲಿಲ್ಲ. 1916ರಲ್ಲಿ ಅವರು ಮೆಕ್ಸಿಕೋ ಗಡಿಯಲ್ಲಿ ಸೈನಿಕರಿಗೆ ಪಾಲಕರಾಗಿದ್ದರು. 1917ರಿಂದ 1919ರ ವರೆಗೆ ಮಹಾಯುದ್ಧದ ನಿಮಿತ್ತ ಫ್ರಾನ್ಸಿನಲ್ಲಿ ಸಂಘದ ಪರವಾಗಿ ಸೈನಿಕರ ನಡುವೆ ದುಡಿದರು. ತಮ್ಮ ಆಟದಿಂದ ಅವರು ಐಶ್ವರ್ಯವನ್ನು ಗಳಿಸಲಿಲ್ಲ. 1936ರಲ್ಲಿ ಬರ್ಲಿನ್ ಪಟ್ಟಣದ ಒಲಿಂಪಿಕ್ ಪಂದ್ಯಗಳಲ್ಲಿ ಬುಟ್ಟಿಚೆಂಡಾಟವು ಸೇರಿದಾಗ, ಅಲ್ಲಿಗೆ ಹೋಗುವ ಖರ್ಚನ್ನು ಪ್ರೇಕ್ಷಕರಿಂದ ಒಂದೊಂದು ಕಾಸಿನಂತೆ ಎತ್ತಿದರು. 20ಕ್ಕೂ ಹೆಚ್ಚು ದೇಶಗಳ ಯುವಕರು ತಮ್ಮ ಆಟವನ್ನಾಡುವದನ್ನು ಅವರು ಕಣ್ಣಾರೆ ಕಂಡರು. ಕಡೆಯ ಪಂದ್ಯವು ಮಳೆಯಲ್ಲಿ, ಅವರು ಹುಟ್ಟಿದ ಕೆನಡಾಕ್ಕೂ ನೆಲೆಸಿದ ಅಮೇರಿಕಕ್ಕೂ ನಡೆಯಿತು. 1939ನೆಯ ಇಸವಿ ನವೆಂಬರ್ 28ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು.

ಈ ಚರಿತ್ರೆಯಿಂದ ನಮ್ಮ ಚಿಕ್ಕ ಮಕ್ಕಳಿಗೆ ಏನು ಬರುವದು? ಯಲಹಂಕದ ಹತ್ತಿರದ ಅಲ್ಲಾಳಸಂದ್ರವನ್ನು ನೋಡಿರಿ. ಒಂದು ಕಾಲದಲ್ಲಿ ಕೆರೆಯೂ ಹೊಲಗಳೂ ಇದ್ದ ಹಳ್ಳಿಯಾಗಿದ್ದ ಅದು ಈಗ ಬೆಂಗಳೂರಿನೊಳಗೆ ಸೇರಿಹೋಗಿದೆ. ಕೆರೆ ಉಳಿದಿದೆ, ಲಗೋರಿಗೂ ಚಿನ್ನಿದಾಂಡಿಗೂ ಇದ್ದ ಬಯಲುಗಳ ಮೇಲೆ ಮನೆಗಳು ಎದ್ದಿವೆ. ಇಂಥ ಊರುಗಳಲ್ಲಿ, ನಾಳೆ ಇಂಥದೇ ಆಗಲಿರುವ ಹಳ್ಳಿಗಳಲ್ಲಿ, ಸ್ವಲ್ಪ ಸ್ಥಳದಲ್ಲಿ ಆಡಬಹುದಾದ ಬುಟ್ಟಿಚೆಂಡು ಮಕ್ಕಳಿಗೆ ವರವೇ ಸರಿ. ಆದರೆ ಬಲಿತ ಯುವಕರಿಗಾಗಿ ಕಟ್ಟಿದ ಹತ್ತು ಅಡಿಯ ಬುಟ್ಟಿಯ ಕೆಳಗೆ ಆರು ವರುಷದ ಕೂಸನ್ನು ನಿಲ್ಲಿಸಿ, ಚೆಂಡು ಮೇಲೆ ಮುಟ್ಟಲಿಲ್ಲವೆಂದು ಗದರಿಸಿದರೆ ತಪ್ಪು ಯಾರದು? ಕೂಸಿನದಲ್ಲ, ಬುಟ್ಟಿಯ ಎತ್ತರದ್ದು. ನೈಸ್ಮಿತರ ಕ್ರಮವೇ ಇದಕ್ಕೆ ಉತ್ತರ. 1950ರ ಸುಮಾರಿನಲ್ಲಿ ಅಮೇರಿಕದ ಸ್ಕ್ರಾಂಟನ್ ಪಟ್ಟಣದ ಜೇ ಆರ್ಚರ್ ಎಂಬವರು ಮಕ್ಕಳಿಗಾಗಿ ಬುಟ್ಟಿಯನ್ನು ತಗ್ಗಿಸಿ ಚೆಂಡನ್ನು ಚಿಕ್ಕದು ಮಾಡಿದರು. ಅದರಿಂದ ಬೆಳೆದ ಚಿಕ್ಕವರ ಆಟದಲ್ಲಿ ಬುಟ್ಟಿಯು 3.05 ಮೀಟರಿಗೆ ಬದಲಾಗಿ 2.60 ಮೀಟರ್ ಎತ್ತರದಲ್ಲಿರುವದು. ಅದಕ್ಕಿಂತಲೂ ಎಳೆಯವರಿಗೆ ಇನ್ನೂ ತಗ್ಗಿಸಬಹುದು.

ಆದಕಾರಣ ತಮ್ಮ ಊರಿನ ಪುಟ್ಟ ಮಕ್ಕಳನ್ನು ತಂಡಗಳಾಗಿ ಸೇರಿಸಿ ಆಡಿಸಲು ಬಯಸುವ ಸಭೆಗಳವರು ಈ ಕೆಲವು ನಿಯಮಗಳನ್ನು ಇಟ್ಟುಕೊಳ್ಳಲೆಂದು ಸೂಚಿಸುತ್ತೇವೆ.

ಮೊದಲನೆಯದು, ಮಗುವಿನ ಕೈಗೆ ತಕ್ಕ ಹಗುರವಾದ ಚೆಂಡು, ಅದರ ಬಲಕ್ಕೆ ತಕ್ಕ ಎತ್ತರದ ಬುಟ್ಟಿ. ಎರಡನೆಯದು, ಒಂದೊಂದು ಪಕ್ಷಕ್ಕೆ ಮೂವರು ಇಲ್ಲವೆ ನಾಲ್ವರು ಸಾಕು; ಚೆಂಡು ಎಲ್ಲರ ಕೈಗೂ ಬರಬೇಕು. ಮೂರನೆಯದು, ಬಂದ ಮಕ್ಕಳೆಲ್ಲರೂ ಸಮಕಾಲ ಆಡಬೇಕು. ನಿಪುಣನಿಗೆ ಹೆಚ್ಚಿಲ್ಲ, ಅರಿಯದವನಿಗೆ ಕಡಿಮೆಯಿಲ್ಲ. ನಾಲ್ಕನೆಯದು, ಕೈಯಲ್ಲಿರುವ ಚೆಂಡನ್ನು ಕಿತ್ತುಕೊಳ್ಳುವದೂ ನೂಕುವದೂ ಕೂಡದು. ಹಾಗೆ ಮಾಡಿದವನಿಗೆ ತೀರ್ಪುಗಾರನು ಆಟ ನಿಲ್ಲಿಸಿ ಮೆಲ್ಲಗೆ ತಿಳಿಸಿಹೇಳಲಿ. ಐದನೆಯದು, ಎಳೆಯವರಿಗೆ ಗೆಲುವು ಸೋಲುಗಳ ಪಟ್ಟಿ ಬೇಡ. ಆರನೆಯದು, ಆಟದ ಭಾಗಗಳು ಚಿಕ್ಕವಾಗಿರಲಿ; ನಡುನಡುವೆ ನೀರೂ ನೆರಳೂ ಇರಲಿ. ಏಳನೆಯದು, ತಂದೆತಾಯಿಗಳು ಗೆರೆಯ ಆಚೆ ಕುಳಿತು ಎರಡು ಪಕ್ಷದವರಿಗೂ ಚಪ್ಪಾಳೆ ತಟ್ಟಲಿ. ಎಂಟನೆಯದು, ಹೆಣ್ಣುಮಕ್ಕಳೂ ಸಭೆಗೆ ಸೇರದ ನೆರೆಯವರ ಮಕ್ಕಳೂ ಕೂಡಿ ಆಡಲಿ. ಒಂದೇ ಕೊಡದ ನೀರನ್ನು ನಮ್ಮ ಅಜ್ಜಂದಿರು ಮುಟ್ಟಲಾರದ ಕಾಲವಿತ್ತು. ಒಂದೇ ಚೆಂಡನ್ನು ಎಲ್ಲರ ಮಕ್ಕಳೂ ಮುಟ್ಟುವದನ್ನು ನಾವು ನೋಡೋಣ.

ಆಟವು ಪಾಪವೆನ್ನುವ ಹಿರಿಯರಿಗೆ ಒಂದು ಮಾತು. ಪ್ರವಾದಿಯಾದ ಜೆಕರ್ಯನು ಯೆರೂಸಲೇಮು ತಿರುಗಿ ಕಟ್ಟಲ್ಪಟ್ಟಾಗ ಕಾಣುವ ಗುರುತುಗಳನ್ನು ಹೇಳುತ್ತಾ, ಬೀದಿಗಳಲ್ಲಿ ಆಡುವ ಹುಡುಗ ಹುಡುಗಿಯರನ್ನೂ, ಅಲ್ಲಿಯೇ ಕೋಲು ಹಿಡಿದು ಕುಳಿತ ಮುದುಕರನ್ನೂ ಒಂದೇ ಕಡೆಯಲ್ಲಿ ಕಾಣಿಸುತ್ತಾನೆ. ಆ ಮುದುಕರು ಮಕ್ಕಳನ್ನು ಓಡಿಸಿದರೆಂದು ಅಲ್ಲಿ ಬರೆದಿಲ್ಲ. ಗೆಲುವಿಗಾಗಿ ಮಕ್ಕಳನ್ನು ದಂಡಿಸುವವರಿಗೂ ಒಂದು ಮಾತು. ಈ ಆಟವನ್ನು ಕಂಡುಹಿಡಿದವರೇ 60 ಸಾರಿ ಸೋತರು. ಅದರಿಂದ ಅವರ ಹೆಸರಿಗೆ ಕುಂದು ಬರಲಿಲ್ಲ. ಚಿಕ್ಕವರನ್ನು ತನ್ನ ಬಳಿಗೆ ಕರೆದು ಅಪ್ಪಿಕೊಂಡ ಕರ್ತನು, ಅವರಿಗೆ ತಕ್ಕಂತೆ ಬುಟ್ಟಿಯನ್ನು ತಗ್ಗಿಸುವ ತಾಳ್ಮೆಯನ್ನು ನಮಗೆಲ್ಲರಿಗೂ ಅನುಗ್ರಹಿಸಲಿ.