ತಲೆಬುರುಡೆಯೊಳಗಿನ ನಾಳಗಳನ್ನು ಕಾಣಿಸಿದ ಮೊನಿಜ್

ಮಕ್ಕಳೇ, ಕತ್ತಿನ ಒಂದು ಪಕ್ಕದಲ್ಲಿ ಮೆಲ್ಲಗೆ ಬೆರಳಿಡಿ. ಮಿಡಿತ ತಿಳಿಯುತ್ತದಲ್ಲವೇ? ಅಲ್ಲಿರುವ ಅಪಧಮನಿಯ ಒಂದು ಕವಲು ತಲೆಬುರುಡೆಯ ತಳವನ್ನು ಹಾದು ಮಿದುಳಿಗೆ ರಕ್ತ ಒಯ್ಯುತ್ತದೆ. ಕೆಲವರಲ್ಲಿ ಅಪಧಮನಿ, ಅಭಿಧಮನಿಗಳು ನಡುವೆ ಲೋಮನಾಳಗಳಿಲ್ಲದೆ ನೇರವಾಗಿ ಕೂಡಿಕೊಂಡು ಗಂಟಾಗಿರುತ್ತವೆ. ಅದು ಒಡೆದರೆ ಪ್ರಾಣಾಪಾಯ. ನಮ್ಮ ನಿಟ್ಟೂರಿನ ತೆಂಗಿನ ತೋಟದಲ್ಲಿ ನೀರಿನ ಪೈಪು ಒಡೆದರೆ ಅಗೆದು ನೋಡಬಹುದು. ತಲೆಯನ್ನು ಹಾಗೆ ಅಗೆಯಲಾದೀತೇ? ಕ್ಷ-ಕಿರಣದ ಚಿತ್ರದಲ್ಲಿ ಮೂಳೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ.

ಈ ತೊಡಕನ್ನು ಬಿಡಿಸಿದವರು ಪೋರ್ಚುಗಲ್ ದೇಶದ ವೈದ್ಯ ಎಗಾಸ್ ಮೊನಿಜ್. 1874ರ ನವೆಂಬರ್ 29ರಂದು ಜನಿಸಿದ ಇವರು ಲಿಸ್ಬನ್ ನಗರದಲ್ಲಿ ನರರೋಗ ಪ್ರಾಧ್ಯಾಪಕರಾದರು. ಕ್ಷ-ಕಿರಣವನ್ನು ತಡೆಯುವ ದ್ರವವನ್ನು ರಕ್ತಕ್ಕೆ ಸೇರಿಸಿದರೆ ನಾಳಗಳು ಕಾಣಬೇಕೆಂದು ಅವರು ಯೋಚಿಸಿದರು. ಅವರ ಕೈಗಳಿಗೆ ಕೀಲುವಾತ. ಆದ್ದರಿಂದ ಸೂಜಿಮದ್ದು ಕೊಡಲು ಅಲ್ಮೇಡಾ ಲಿಮಾ ನೆರವಾದರು. ಆರಂಭದ ಪ್ರಯೋಗಗಳಲ್ಲಿ ಒಬ್ಬ ರೋಗಿ ತೀರಿಕೊಂಡರು. ಮೊನಿಜ್ ಆ ದ್ರವವನ್ನು ಕೈಬಿಟ್ಟು ಸೋಡಿಯಂ ಅಯೋಡೈಡ್ ದ್ರಾವಣ ಆರಿಸಿಕೊಂಡರು. 1927ರ ಜೂನ್ 28ರಂದು ಮಿದುಳಿನ ನಾಳಗಳು ಚಿತ್ರದಲ್ಲಿ ಮೂಡಿದವು.

1949ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇದಕ್ಕಲ್ಲ. ಮನೋರೋಗಕ್ಕೆಂದು ಮಾಡುತ್ತಿದ್ದ ಮಿದುಳಿನ ಶಸ್ತ್ರಚಿಕಿತ್ಸೆಗೆ. ಅದರಿಂದ ಅನೇಕರಿಗೆ ಹಾನಿಯಾಯಿತು, ವೈದ್ಯರು ಅದನ್ನು ಬಿಟ್ಟರು. ಮೊನಿಜ್ 1955ರಲ್ಲಿ ನಿಧನರಾದರು. ನಾಳಗಳ ಚಿತ್ರ ಮಾತ್ರ ಉಳಿಯಿತು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ತೊಡೆಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಇಂಥದೇ ಚಿತ್ರ ನೋಡುತ್ತಾ, ಗಂಟನ್ನು ಒಳಗಿನಿಂದಲೇ ಮುಚ್ಚುತ್ತಾರೆ.

ವಿಜ್ಞಾನದಲ್ಲಿ ಬಹುಮಾನ ಕೊನೆಯ ಮಾತಲ್ಲ, ಮಕ್ಕಳೇ. ಫಲವನ್ನು ಪರೀಕ್ಷಿಸಿಯೇ ಒಪ್ಪಬೇಕು.